ಸಿಮ್ಯುಲೇಟರ್‌ನಲ್ಲಿ ಡಕೋಟಾ: ಪೆಡಲ್ ಇಲ್ದೇ ಇದ್ರೆ ತಗೋಬೇಡಿ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸೋ ಸಿಮ್ಯುಲೇಟರ್‌ಗೆ ಸೇರಿಸ್ಕೊಳ್ಳೋ ಈ ಡಿಸಿ-3 (ಡಕೋಟಾ ಅಂದ್ರೂ ಇದೇ) ಆಡ್-ಆನ್ ತಗೊಂಡು ವರ್ಷಗಳೇ ಆಯ್ತು, ಮಧ್ಯೆ ಎಷ್ಟೋ ಜೆಟ್‌ಗಳನ್ನ ಹಾಕ್ಕೊಂಡೆ, ತೆಗೆದೆ, ಇದನ್ನ ಮಾತ್ರ ಡಿಲೀಟ್ ಮಾಡೋಕೆ ಮನಸ್ಸೇ ಬಂದಿಲ್ಲ. ಮೊದಲೇ ಹೇಳ್ಬಿಡ್ತೀನಿ, ಮೂತಿನ ಎಡಕ್ಕೆ ಬಲಕ್ಕೆ ತಿರುಗಿಸೋಕೆ ಕಾಲಲ್ಲಿ ಒತ್ತೋ ರಡ್ಡರ್ ಪೆಡಲ್ ಇಲ್ದೇ ಇದ್ರೆ ದುಡ್ಡು ದಂಡ. ದೊಡ್ಡ ಚಕ್ರ ಎರಡೂ ಮುಂದೆ, ತೂಕ ಅದರ ಹಿಂದೆ, ಬಾಲದಡಿ ಒಂದು ಪುಟ್ಟ ಚಕ್ರ, ಹಾಗಾಗಿ ರನ್‌ವೇ ಮೇಲೆ ಮೂತಿ ಒಂಚೂರು ಓರೆ ಆದ್ರೆ ಸಾಕು, ಹಿಂದಿನ ಭಾರ ನುಗ್ಗಿ ಇಡೀ ವಿಮಾನ ಗಿರ್ರಂತ ತಿರುಗಿಬಿಡತ್ತೆ. ಟೇಕಾಫ್‌ಗೆ 48 ಇಂಚು ಮ್ಯಾನಿಫೋಲ್ಡ್ ಪ್ರೆಷರ್ (ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ), 2700 ಆರ್‌ಪಿಎಂ ಕೊಟ್ಟ ತಕ್ಷಣ ಎಡಕ್ಕೆ ಎಳೆಯತ್ತೆ, ಬಲಗಾಲು ರೆಡಿ ಇರ್ಬೇಕು, ಟೈಲ್ ವೀಲ್ ಲಾಕ್ ಆಗಿದೆಯಾ ಅಂತ ಅದಕ್ಕೂ ಮುಂಚೆ ನೋಡ್ಕೊಳ್ಳಿ. ಈ ಭಾಗನ ಮಾಡಿದೋರು ನಿಜವಾಗ್ಲೂ ಪ್ರೀತಿಯಿಂದ ಮಾಡಿದಾರೆ. ಸ್ಟಾರ್ಟ್ ಮಾಡೋದೂ ಅಷ್ಟೇ, ಎನರ್ಜೈಸ್ ಸ್ವಿಚ್ ಒತ್ತಿದ್ರೆ ಒಳಗೆ ತಿರುಗೋ ಭಾರದ ಚಕ್ರ, ಅಂದ್ರೆ ಫ್ಲೈವೀಲ್, ಅದರ ಶಬ್ದ ಸಣ್ಣಗೆ ಶುರುವಾಗಿ ಏರ್ತಾ ಹೋಗತ್ತೆ, ಆಮೇಲೆ ಮೆಶ್ ಸ್ವಿಚ್ ಒತ್ತಿದ್ರೆ ಅದು ಎಂಜಿನ್‌ಗೆ ಕಚ್ಕೊಂಡು, ಪ್ರೊಪೆಲರ್ ಒದ್ದಾಡ್ಕೊಂಡು ಎರಡು ಸುತ್ತು ಬಂದು, ಹೊಗೆ ಉಗುಳಿ, 14 ಸಿಲಿಂಡರೂ ಒಂದೊಂದಾಗಿ ಹಿಡ್ಕೊಳತ್ತೆ.

ಕ್ಯಾಬಿನ್ ಇಷ್ಟು ಅಗಲ ಯಾಕೆ ಅಂದ್ರೆ, ಅಮೆರಿಕನ್ ಏರ್‌ಲೈನ್ಸ್‌ಗೆ ರಾತ್ರಿ ಮಲಗ್ಕೊಂಡು ಹೋಗೋ ವಿಮಾನ ಬೇಕಿತ್ತು, 14 ಬರ್ತ್ ಹಿಡಿಯೋಕೆ ಅಂತ ಇದನ್ನ ತಯಾರಿಸಿದ ಡಗ್ಲಸ್‌ನೋರು ಮುಂಚಿನ ಮಾಡೆಲ್ ಡಿಸಿ-2ರ ಮೈಯನ್ನ ಅಗಲ ಮಾಡಿದ್ರು, 1935 ಡಿಸೆಂಬರ್ 17ಕ್ಕೆ ಮೊದಲ ಹಾರಾಟ. ಬರ್ತ್ ತೆಗೆದು ಸೀಟ್ ಹಾಕಿದ್ರೆ 14ರ ಜಾಗದಲ್ಲಿ 21 ಜನ! ಟಪಾಲಿನ ದುಡ್ಡು ನೆಚ್ಚಿಕೊಳ್ದೆ ಬರೀ ಪ್ಯಾಸೆಂಜರ್‌ಗಳಿಂದ ಲಾಭ ಬರೋಕೆ ಶುರುವಾಗಿದ್ದು ಇದರಿಂದ್ಲೇ. ರೆಕ್ಕೆ ಕಥೆ ಇನ್ನೂ ಚೆನ್ನಾಗಿದೆ, ಹೊರಗಿನ ರೆಕ್ಕೆನ ನಡುಭಾಗಕ್ಕೆ ಸಾಲಾಗಿ ಬೋಲ್ಟ್ ಹಾಕಿ ಕೂರಿಸಿರ್ತಾರೆ, 1941ರಲ್ಲಿ ಚೀನಾದಲ್ಲಿ ಬಾಂಬ್ ದಾಳಿಗೆ ಒಂದು ರೆಕ್ಕೆ ಹೋದ ಡಿಸಿ-3ಗೆ, ಹಾಂಗ್‌ಕಾಂಗಿಂದ ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಕೊಂಡು ತಂದ ಡಿಸಿ-2 ರೆಕ್ಕೆ ಜೋಡಿಸಿ ಹಾರಿಸ್ಕೊಂಡು ಹೋದ್ರು, ಅದು ಐದಡಿ ಗಿಡ್ಡ ಇತ್ತು ಆದ್ರೂ!

ನಮ್ಮೂರಿಗೂ ನಂಟಿದೆ. ಎರಡನೇ ಮಹಾಯುದ್ಧದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆ ಅಮೆರಿಕನ್ ಸೇನೆಯ ರಿಪೇರಿ ಡಿಪೋ ಆಗಿದ್ದಾಗ ಇದರ ಮಿಲಿಟರಿ ರೂಪ ಸಿ-47 ಅಲ್ಲೇ ಓವರ್‌ಹಾಲ್ ಆಗ್ತಿತ್ತು. ನಾನು ಜಾಸ್ತಿ ಹಾರಿಸೋದು ಮದ್ರಾಸ್–ನಾಗಪುರ, ಅದೂ ರಾತ್ರಿ ಹೊತ್ತು. 1949ರಲ್ಲಿ ಶುರುವಾದ ನೈಟ್ ಏರ್ ಮೇಲ್ ರೂಟ್ ಅದು, ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್ ನಾಲ್ಕೂ ಕಡೆಯಿಂದ ಡಕೋಟಾಗಳು ನಡುರಾತ್ರಿ ನಾಗಪುರಕ್ಕೆ ಬಂದು, ಟಪಾಲು ಅದಲು ಬದಲು ಮಾಡ್ಕೊಂಡು ವಾಪಸ್ ಹೊರಡ್ತಿದ್ವು. ಮೂರೂವರೆ ಗಂಟೆ ಹತ್ರ ಹಿಡಿಯತ್ತೆ, ಟ್ಯಾಂಕ್ ಬದಲಾಯಿಸ್ತಾ, ಮಿಕ್ಸ್ಚರ್ (ಪೆಟ್ರೋಲ್-ಗಾಳಿ ಬೆರೆಯೋ ಪ್ರಮಾಣ) ನೋಡ್ತಾ, ಬೇಜಾರೇ ಆಗಲ್ಲ.

ಇನ್ನು ಕೊರತೆ. ಎಂಜಿನ್‌ಗೆ ಏಟೇ ಬೀಳಲ್ಲ. ಎಂಜಿನ್ ತಣ್ಣಗಿಡೋಕೆ ಗಾಳಿ ಬಿಡೋ ಕೌಲ್ ಫ್ಲಾಪ್ ಮುಚ್ಚಿ ಫುಲ್ ಪವರ್‌ನಲ್ಲೇ ಹತ್ತಿಸಿದ್ರೆ ನಿಜವಾದ ಟ್ವಿನ್ ವಾಸ್ಪ್ (ಇದರ ಎಂಜಿನ್) ಸುಮ್ನಿರಲ್ಲ, ಇಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ದಾಟತ್ತೆ ಅಷ್ಟೇ, ಬೇರೇನೂ ಆಗಲ್ಲ. ಇನ್ನೊಂದು, ಈ ವಿಮಾನದ ಚಕ್ರ ಮಡಿಸಿದ್ರೂ ಅರ್ಧ ಹೊರಗೇ ಇರತ್ತೆ, ಅದರಿಂದ್ಲೇ ಚಕ್ರ ಕೆಳಗೆ ಇಳೀದೇ ಇದ್ರೂ ಅವುಗಳ ಮೇಲೇ ಉರುಳಿ ಹೆಚ್ಚು ಡ್ಯಾಮೇಜ್ ಇಲ್ದೆ ನಿಲ್ಲಿಸ್ಬಹುದು, ಆದ್ರೆ ಆಡ್-ಆನ್‌ನಲ್ಲಿ ಹಾಗೆ ಇಳಿಸಿದ್ರೆ ನೇರ ಕ್ರ್ಯಾಶ್ ಸ್ಕ್ರೀನ್. ಆಡ್-ಆನ್ ಮಾಡಿದೋರಿಗೆ ಬರೆದು ಕೇಳ್ದೆ, ಮುಂದಿನ ಅಪ್‌ಡೇಟ್‌ನಲ್ಲಿ ನೋಡ್ತೀವಿ ಅಂದ್ರು, ಅಪ್‌ಡೇಟ್‌ಗಳು ಬಂದ್ವು, ಇದು ಬರ್ಲಿಲ್ಲ. ಒಂದು ಸ್ಟಾರ್ ಕಿತ್ಕೊಂಡಿದ್ದು ಇದಕ್ಕೇ, ಉಳಿದ ನಾಲ್ಕೂ ಸ್ಟಾರ್ ಖುಷಿಯಿಂದ ಕೊಡ್ತೀನಿ.