ಆಕ್ಸಿಜನ್ ಸೆನ್ಸರ್ ಪರೀಕ್ಷೆಗೆ ಬ್ಲೂಟೂತ್ ಅಡಾಪ್ಟರೋ, ತಂತಿಯ ಸ್ಕ್ಯಾನರೋ?

ಕಾರಿನ ಕಂಪ್ಯೂಟರಿನಲ್ಲಿ ಪಿ0171 ಕೋಡ್, ಅಂದರೆ ಇಂಧನ-ಗಾಳಿಯ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾಗಿದೆ ಎಂಬ ದೂರು, ಕಾಣಿಸಿಕೊಂಡೊಡನೆ, ಎಂಜಿನ್ ಹೊಗೆಯಲ್ಲಿನ ಆಮ್ಲಜನಕವನ್ನು ಗುರುತಿಸುವ ಆಕ್ಸಿಜನ್ ಸೆನ್ಸರ್ ಬದಲಿಸಿ ಎನ್ನುವವರೇ ಹೆಚ್ಚು. ನನ್ನ ಪೆಟ್ರೋಲ್ ಕಾರಿನಲ್ಲಿ ಆ ಖರ್ಚನ್ನು ತಪ್ಪಿಸಿದ್ದು, ನೇರವಾಗಿ ಕಾರಿನ ಡಯಾಗ್ನೋಸ್ಟಿಕ್ ಪೋರ್ಟ್‌ಗೆ ಜೋಡಿಸುವ ತಂತಿಯ ಸ್ಕ್ಯಾನರ್. ಮೊದಲು ಕೊಂಡಿದ್ದ, ಮಾಹಿತಿಯನ್ನು ಫೋನಿಗೆ ಕಳಿಸುವ ಅಗ್ಗದ ಬ್ಲೂಟೂತ್ ಅಡಾಪ್ಟರಿಗಿಂತ ಇದೇ ಮೇಲು ಎಂದು ಆರಂಭದಲ್ಲೇ ಹೇಳಿಬಿಡುತ್ತೇನೆ.

ಕೋಡ್ ಓದುವುದು, ಅಳಿಸುವುದು, ಫ್ರೀಜ್ ಫ್ರೇಮ್ (ಕೋಡ್ ದಾಖಲಾದ ಕ್ಷಣದ ಎಂಜಿನ್ ಮಾಹಿತಿ) ತೋರಿಸುವುದರಲ್ಲಿ ಎರಡೂ ಸಮ.

ಅಡಾಪ್ಟರಿನ ದೊಡ್ಡ ತೊಡಕು ಅದರ ನಿಧಾನಗತಿ. ಕ್ಯಾಟಲಿಟಿಕ್ ಕನ್ವರ್ಟರಿನ ಮುಂದಿರುವ ಜಿರ್ಕೋನಿಯಾ ಬಗೆಯ ಆಕ್ಸಿಜನ್ ಸೆನ್ಸರ್ ಚೆನ್ನಾಗಿ ಬಿಸಿಯಾದ ಮೇಲೆ, ಸುಮಾರು 0.1 ಮತ್ತು 0.9 ವೋಲ್ಟ್‌ಗಳ ನಡುವೆ ಬಿಡುವಿಲ್ಲದೆ ಏರಿಳಿಯುತ್ತಿರಬೇಕು. ಕಾರಿನ ಕಂಪ್ಯೂಟರಿಗೆ ಒಂದೊಂದೇ ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾಯುವ ಅಡಾಪ್ಟರಿನಲ್ಲಿ ಆರ್‌ಪಿಎಂ, ಎರಡು ಫ್ಯುಯೆಲ್ ಟ್ರಿಮ್ (ಮಿಶ್ರಣ ಸರಿಪಡಿಸಲು ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ: ತಕ್ಷಣದ್ದು ಶಾರ್ಟ್ ಟರ್ಮ್, ದೀರ್ಘಕಾಲದ್ದು ಲಾಂಗ್ ಟರ್ಮ್) ಮತ್ತು ಸೆನ್ಸರ್ ವೋಲ್ಟೇಜ್ ನಾಲ್ಕನ್ನೂ ಒಟ್ಟಿಗೆ ಆರಿಸಿದರೆ, ವೋಲ್ಟೇಜಿನ ಸರದಿ ಮತ್ತೆ ಬರುವಷ್ಟರಲ್ಲಿ ಒಂದು ಏರಿಳಿತವೇ ಮುಗಿದುಹೋಗಿರುತ್ತದೆ. ತುದಿಗಳೆಲ್ಲ ಹೀಗೆ ತಪ್ಪಿಹೋದಾಗ, ಚುರುಕಾದ ಸೆನ್ಸರ್ ಕೂಡ ಗ್ರಾಫ್‌ನಲ್ಲಿ ಮಂದವಾಗಿ ಕಾಣುತ್ತದೆ. ವೋಲ್ಟೇಜನ್ನು ಮಾತ್ರ ಆರಿಸಿದರೆ ವೇಗ ಹೆಚ್ಚುವುದು ನಿಜ. ಆದರೆ ಟ್ರಿಮ್ ಮತ್ತು ವೋಲ್ಟೇಜ್ ಜೊತೆಯಲ್ಲಿ ಕಾಣದಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆಯೋ, ಎಂಜಿನ್‌ಗೆ ನಿಜವಾಗಿಯೂ ಇಂಧನ ಸಾಲುತ್ತಿಲ್ಲವೋ ಎಂಬ ಮುಖ್ಯ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಸ್ಕ್ಯಾನರಿನಲ್ಲಿ ನಾಲ್ಕೂ ಗೆರೆಗಳು ಒಂದೇ ಪರದೆಯ ಮೇಲೆ ಸ್ಪಷ್ಟವಾಗಿ ಮೂಡಿದವು. ಆಕ್ಸಿಲರೇಟರ್ ಥಟ್ಟನೆ ಒತ್ತಿದಾಗ ವೋಲ್ಟೇಜ್ (ಇಂಧನದ ಪಾಲು ಹೆಚ್ಚಿದರೆ ಇದು ಏರುತ್ತದೆ) ತಡವಿಲ್ಲದೆ 0.8 ದಾಟಿದ್ದರಿಂದ ಸೆನ್ಸರ್ ಮೇಲಿನ ಅನುಮಾನ ಬಹುಮಟ್ಟಿಗೆ ಕಳೆಯಿತು. ಐಡಲ್‌ನಲ್ಲಿ ಶಾರ್ಟ್ ಟರ್ಮ್ ಮತ್ತು ಲಾಂಗ್ ಟರ್ಮ್ ಟ್ರಿಮ್‌ಗಳ ಮೊತ್ತ ಶೇ. 20ನ್ನು ಮೀರಿತ್ತು, 2500 ಆರ್‌ಪಿಎಂನಲ್ಲಿ ಶೇ. 5ರ ಆಸುಪಾಸಿಗೆ ಇಳಿಯಿತು. ಇಂಧನದ ಪಂಪ್ ಅಥವಾ ಫಿಲ್ಟರ್ ಸೋತಿದ್ದರೆ ಎಂಜಿನ್ ಮೇಲೆ ಭಾರ ಬಿದ್ದಂತೆ ಟ್ರಿಮ್ ಏರಬೇಕಿತ್ತು. ಹೀಗೆ ಇಳಿಯುವುದು ಗಾಳಿಯ ಸೋರಿಕೆಯ ಲಕ್ಷಣ, ಏಕೆಂದರೆ ಎಂಜಿನ್ ಹೆಚ್ಚು ಗಾಳಿ ಎಳೆದುಕೊಂಡಂತೆ ಸೋರಿಕೆಯ ಪಾಲು ಕಿರಿದಾಗುತ್ತದೆ. ಹುಡುಕಿದಾಗ ಸಿಕ್ಕಿದ್ದು ಬಿರುಕುಬಿಟ್ಟ ಒಂದು ವ್ಯಾಕ್ಯೂಮ್ ಹೋಸ್.

ಸೆನ್ಸರಿನ ಹೀಟರ್ ಮತ್ತು ವೈರಿಂಗ್ ಪರೀಕ್ಷೆಗೆ ಇವೆರಡಕ್ಕಿಂತ ಮಲ್ಟಿಮೀಟರ್ ವಾಸಿ.

ಬರೀ ಕೋಡ್ ನೋಡಿ ಮೆಕ್ಯಾನಿಕ್ ಬಳಿ ಹೋಗುವವರಿಗೆ ಅಡಾಪ್ಟರ್ ಸಾಕು. ಬಿಡಿಭಾಗ ಬದಲಿಸುವ ಮುನ್ನ ಕಾರಣವನ್ನು ನಾನೇ ಹುಡುಕಬೇಕೆನ್ನುವ ಅಭ್ಯಾಸ ನನ್ನದು, ಹಾಗಾಗಿ ಕೈ ಸ್ವಲ್ಪ ಬಿಗಿಯಾದರೂ ಸ್ಕ್ಯಾನರಿಗೇ ಹಣ ಹಾಕುತ್ತೇನೆ. ಕೊಳ್ಳುವವರು ಅದು ನಾಲ್ಕು ಅಂಶಗಳನ್ನು ಒಂದೇ ಗ್ರಾಫ್‌ನಲ್ಲಿ ತೋರಿಸುತ್ತದೆಯೇ, ದಾಖಲಿಸಿಕೊಳ್ಳುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕಾರಿನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ (ಮಿಶ್ರಣದ ಪ್ರಮಾಣವನ್ನೇ ಅಳೆಯುವ ಇನ್ನೊಂದು ಬಗೆಯ ಆಕ್ಸಿಜನ್ ಸೆನ್ಸರ್) ಇದ್ದರೆ ಮೇಲಿನ ವೋಲ್ಟೇಜ್ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ.