ಪುಣೆಯ ತಾಂಬಟ್ ಆಳಿಲಿ ಮಾಡಿಸಿದ ತಾಮ್ರದ ಜೆಜ್ವೆ: ಮನೇಲಿ ಟರ್ಕಿಶ್ ಕಾಫಿ ಮಾಡೋರು ಓದಿ

ಮೊದ್ಲೇ ಹೇಳ್ಬಿಡ್ತೀನಿ, ಮನೇಲಿ ಟರ್ಕಿಶ್ ಕಾಫಿ ಮಾಡೋ ಆಸೆ ಇದ್ರೆ ಆನ್‌ಲೈನ್‌ನಲ್ಲಿ ಕಾಣೋ ಹೊಳೆಯೋ ತೆಳು ತಗಡಿನ ಪಾತ್ರೆಗೆ ದುಡ್ಡು ಹಾಕ್ಬೇಡಿ. ಪುಣೆಲಿರೋ ಕನ್ನಡದವ್ರಿಗಂತೂ ಕಸಬಾ ಪೇಠೆಯ ತಾಂಬಟ್ ಆಳಿ, ಅಂದ್ರೆ ತಾಮ್ರದ ಕೆಲಸದವರ ಓಣಿ, ಇಷ್ಟು ಹತ್ರ ಇದೆ, ಪೇಶ್ವೆಗಳ ಕಾಲದಿಂದ ತಾಮ್ರ ಬಡೀತಾ ಬಂದಿರೋ ಕುಶಲಕರ್ಮಿಗಳು ಈಗ್ಲೂ ಅಲ್ಲಿ ಇದ್ದಾರೆ, ಫೋಟೋ ಅಳತೆ ಕೊಟ್ರೆ ಮಾಡಿಕೊಡ್ತಾರೆ. ನಾನು ಮಾಡಿಸಿದ್ದು ಹಾಗೇ. ಕೆಲವು ತಿಂಗಳಿಂದ ಬಹುತೇಕ ದಿನಾ ಸಂಜೆ ಬಳಸ್ತಾ ಇದೀನಿ, ಕೊಟ್ಟ ದುಡ್ಡಿಗೆ ಪೂರ್ತಿ ಸಮಾಧಾನ ಇದೆ.

ಜೆಜ್ವೆ ಅಂದ್ರೆ ತಳ ಅಗಲ, ಕತ್ತು ಕಿರಿದು, ಬಾಯಿ ಮತ್ತೆ ಸ್ವಲ್ಪ ಅಗಲ, ಬದಿಗೆ ಉದ್ದದ ಹಿಡಿ ಇರೋ ಪುಟ್ಟ ಪಾತ್ರೆ. ಆ ಆಕಾರ ಚೆಂದಕ್ಕಲ್ಲ. ಕಾಫಿ ಬಿಸಿಯಾಗ್ತಾ ಮೇಲೆ ಬರೋ ನೊರೆ ಕಿರಿದಾದ ಕತ್ತಲ್ಲಿ ಒತ್ತಾಗಿ ಕೂಡುತ್ತೆ, ಅಗಲ ಬಾಯಿ ಪಾತ್ರೇಲಿ ಅದೇ ನೊರೆ ಹರಡಿ ಒಡೆದುಹೋಗುತ್ತೆ. ಟರ್ಕಿಲಿ ನೊರೆ ಇಲ್ದೆ ಕಾಫಿ ಕೊಟ್ರೆ ಅದನ್ನ ಕಾಫಿ ಅಂತಾನೇ ಒಪ್ಪಲ್ಲ. ಅದಕ್ಕೇ ನನ್ನ ಪ್ರಕಾರ ಸೈಜ್ ಎಲ್ಲಕ್ಕಿಂತ ಮುಖ್ಯ, ನೀರು ಕತ್ತಿನ ಹತ್ರಕ್ಕೆ ಬರ್ಬೇಕು, ನಾಲ್ಕು ಕಪ್ಪಿನ ಪಾತ್ರೇಲಿ ಒಂದು ಕಪ್ ಮಾಡಕ್ಕೆ ಹೋದ್ರೆ ನೊರೆ ಸಿಗೋದೇ ಇಲ್ಲ. ಮನೇಲಿ ಇಬ್ಬರೇ ಕುಡಿಯೋದು ಅಂತ ನಾನು ಎರಡು ಕಪ್ಪಿಂದೇ ಮಾಡಿಸಿದೆ.

ಇನ್ನು ಕೆಲಸದ ಬಗ್ಗೆ. ಹೊರಗಡೆ ಸುತ್ತಿಗೆ ಏಟಿನ ಸಣ್ಣ ಸಣ್ಣ ಗುರುತು ಇದೆ, ಮರಾಠಿಲಿ ಅದಕ್ಕೆ ಮಠಾರಕಾಮ ಅಂತಾರೆ, ಹಂಗೆ ಬಡಿಯೋದ್ರಿಂದ ತಾಮ್ರ ಗಟ್ಟಿಯಾಗುತ್ತೆ, ಬೇಗ ತಗ್ಗು ಬೀಳಲ್ಲ. ತಳ ದಪ್ಪ ಇದೆ, ಉರಿ ಒಂದೇ ಕಡೆ ತಾಗಿದ್ರೂ ಶಾಖ ಸುತ್ತ ಸಮವಾಗಿ ಹರಡುತ್ತೆ. ಒಳಗಡೆ ಕಲಾಯಿ ಹಾಕಿಸಲೇಬೇಕು, ಇದರಲ್ಲಿ ರಾಜಿ ಬೇಡ, ಕಾಫಿ ಹುಳಿ ಗುಣದ್ದು, ಬರೀ ತಾಮ್ರದಲ್ಲಿ ಕಾಯಿಸಿ ಕುಡಿಯೋದು ಒಳ್ಳೇದಲ್ಲ. ನವಸಾಗರ ಹಾಕಿ ಬಿಸಿ ಪಾತ್ರೆಗೆ ತವರ ಉಜ್ಜೋದನ್ನ ನಿಂತು ನೋಡಿದೆ, ಕಣ್ಣೆದುರೇ ಕೆಂಪು ಪಾತ್ರೆ ಒಳಗೆ ಬೆಳ್ಳಗಾಗುತ್ತೆ, ತುಂಬಾ ಖುಷಿ ಆಯ್ತು.

ತೊಂದರೆಗಳೂ ಇವೆ. ಹಿಡಿ ಉದ್ದ, ಪಾತ್ರೆ ಹಗುರ, ಹಂಗಾಗಿ ಖಾಲಿ ಇದ್ದಾಗ ಗ್ಯಾಸ್ ಸ್ಟೌ ಮೇಲೆ ಹಿಂದಕ್ಕೆ ವಾಲುತ್ತೆ, ನಮ್ಮ ಸ್ಟೌಗಳ ಕಂಬಿಗಳ ನಡುವಿನ ಜಾಗ ಇಷ್ಟು ಚಿಕ್ಕ ತಳಕ್ಕೆ ದೊಡ್ಡದು. ಚಿಕ್ಕ ಬರ್ನರ್ ಮೇಲೆ ಇಡೋ ಕಬ್ಬಿಣದ ರಿಂಗ್ ಒಂದು ಬೇಕೇಬೇಕು. ಇಂಡಕ್ಷನ್ ಮೇಲೆ ತಾಮ್ರ ಕೆಲಸ ಮಾಡಲ್ಲ, ಬರೀ ಇಂಡಕ್ಷನ್ ಇರೋ ಪೀಜಿ ಹುಡುಗ್ರು ಮ್ಯಾಗ್ನೆಟ್ ಹಿಡಿಯೋ ತಳದ ಸ್ಟೀಲ್ ಜೆಜ್ವೆ ನೋಡ್ಬೇಕಷ್ಟೇ. ಆಮೇಲೆ ತವರ 232 ಡಿಗ್ರಿಗೆ ಕರಗುತ್ತೆ, ಖಾಲಿ ಪಾತ್ರೆ ಉರಿ ಮೇಲೆ ಇಡಲೇಬಾರದು, ಸ್ಟೀಲ್ ಚಮಚ ಹಾಕಿ ಕೆರೀಬಾರದು, ತಂತಿ ನಾರಲ್ಲಿ ಉಜ್ಜಬಾರದು. ಒಳಗೆ ಕೆಂಪು ಕಾಣಿಸ್ತು ಅಂದ್ರೆ ಮತ್ತೆ ಕಲಾಯಿ.

ಪಾತ್ರೆ ಎಷ್ಟೇ ಚೆನ್ನಾಗಿದ್ರೂ ಪುಡಿ ಸರಿ ಇಲ್ದಿದ್ರೆ ಪ್ರಯೋಜನ ಇಲ್ಲ. ನಾವು ಫಿಲ್ಟರ್‌ಗೆ ಬಳಸೋ ಪುಡಿ ಇಲ್ಲಿ ನಡೆಯಲ್ಲ, ಎಸ್‌ಪ್ರೆಸೊ ಪುಡಿಗಿಂತ್ಲೂ ನುಣ್ಣಗೆ, ಬೆರಳಲ್ಲಿ ಉಜ್ಜಿದ್ರೆ ಮೈದಾ ಥರ ಇರ್ಬೇಕು, ಚಿಕೋರಿ ಇರ್ಲೇಬಾರದು. ಮಿಕ್ಸಿಲಿ ಎಷ್ಟು ತಿರುಗಿಸಿದ್ರೂ ಒಂದಷ್ಟು ತರಿ ಉಳಿಯುತ್ತೆ, ಬಾಯಿಗೆ ಸಿಗುತ್ತೆ. ನಾನು ಚಿಕ್ಕಮಗಳೂರಿನ ಅರೇಬಿಕಾ ಬೀಜ, ಮೀಡಿಯಮ್ ರೋಸ್ಟ್, ತರಿಸ್ಕೊಂಡು ಹಿತ್ತಾಳೆಯ ಕೈ ಮಿಲ್‌ನಲ್ಲಿ ಬೇಕಾದಾಗ ಬೇಕಾದಷ್ಟೇ ಬೀಸ್ತೀನಿ, ಕೈ ನೋಯುತ್ತೆ ನಿಜ ಆದ್ರೆ ಆ ಘಮ ಬೇರೆ ಯಾವ ಥರಾನೂ ಸಿಗಲ್ಲ. ಯೆಮನ್‌ನಿಂದ 16ನೇ ಶತಮಾನದಲ್ಲಿ ಕಾಫಿ ಇಸ್ತಾಂಬುಲ್‌ಗೆ ಹೋಯ್ತು, ಅದೇ ಯೆಮನ್‌ನ ಮೋಕಾದಿಂದ ಬಾಬಾ ಬುಡನ್ ಏಳು ಬೀಜ ತಂದು ನಮ್ಮ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅನ್ನೋ ಐತಿಹ್ಯ ನಮಗೆಲ್ಲ ಗೊತ್ತು. ನಮ್ಮ ಬೆಟ್ಟದ ಬೀಜ ಅವರ ಪಾತ್ರೇಲಿ ಕಾಯೋದು ನೋಡಿದ್ರೆ ನನಗೆ ನಿಜವಾಗ್ಲೂ ಹೆಮ್ಮೆ ಅನ್ಸುತ್ತೆ.

ಮಾಡೋದು ಹೀಗೆ: ಒಂದು ಕಪ್ಪಿಗೆ 70 ಎಂಎಲ್ ತಣ್ಣೀರು, 7 ಗ್ರಾಂ ಪುಡಿ, ಸಕ್ಕರೆ ಬೇಕಿದ್ರೆ ಈಗ್ಲೇ ಹಾಕ್ಬೇಕು, ಕೊನೇಲಿ ಹಾಕಿ ಕಲಕಿದ್ರೆ ನೊರೆನೂ ಹೋಯ್ತು, ತಳಕ್ಕೆ ಕೂತ ಗಸಿನೂ ಎದ್ದು ಬಂತು. ಸಕ್ಕರೆ ಇಲ್ಲದ್ದಕ್ಕೆ ಸಾದೆ ಅಂತಾರೆ, ಮಧ್ಯಮ ಸಿಹಿಗೆ ಓರ್ತಾ. ಪುಡಿ ಪೂರ್ತಿ ನೆನೆಯೋವರೆಗೂ ಮರದ ಚಮಚದಲ್ಲಿ ಕಲಕಿ, ಆಮೇಲೆ ಮುಟ್ಟೋ ಹಾಗಿಲ್ಲ. ಉರಿ ತೀರಾ ಸಣ್ಣ. ಮೂರು ನಾಲ್ಕು ನಿಮಿಷಕ್ಕೆ ಅಂಚಿಂದ ನೊರೆ ಕಟ್ಟಿ ನಡುವಿಗೆ ಕೂಡ್ತಾ ಮೇಲೇಳುತ್ತೆ, ಕುದಿಯೋಕೆ ಬಿಡ್ಬೇಡಿ, ಕುದೀತು ಅಂದ್ರೆ ನೊರೆ ಸತ್ತುಹೋಗಿ ಕಹಿ ಉಳಿಯುತ್ತೆ. ಇಳಿಸಿ, ನೊರೆನ ಎರಡೂ ಕಪ್ಪಿಗೆ ಚಮಚದಲ್ಲಿ ಹಂಚಿ, ಇನ್ನೊಂದ್ಸಲ ಉರಿ ಮೇಲಿಟ್ಟು ಏಳ್ತಿದ್ದ ಹಾಗೇ ತೆಗೆದು ನಿಧಾನಕ್ಕೆ ಬಗ್ಗಿಸಿ. ಎರಡು ನಿಮಿಷ ಬಿಟ್ರೆ ಗಸಿ ತಳಕ್ಕೆ ಕೂರುತ್ತೆ, ಸೋಸೋದು ಅನ್ನೋದೇ ಇಲ್ಲ ಇದರಲ್ಲಿ, ಕೊನೆ ಗುಟುಕು ಕಪ್ಪಲ್ಲೇ ಬಿಡ್ಬೇಕು. ಜೊತೆಗೆ ಒಂದು ಲೋಟ ನೀರು ಇಟ್ಕೊಳ್ಳಿ, ಮೊದ್ಲು ನೀರು ಕುಡಿದು ಬಾಯಿ ಚೊಕ್ಕ ಮಾಡ್ಕೊಂಡು ಆಮೇಲೆ ಕಾಫಿ, ಅಲ್ಲಿನ ಪದ್ಧತಿ ಅದು. ಈ ಕಾಫಿ ಸಂಪ್ರದಾಯನ 2013ರಲ್ಲಿ ಯುನೆಸ್ಕೋ ತನ್ನ ಪರಂಪರೆ ಪಟ್ಟಿಗೂ ಸೇರಿಸಿದೆ.

ರುಚಿ ಹೇಗೆ ಅಂದ್ರೆ ಗಟ್ಟಿ, ನಾಲಿಗೆ ಮೇಲೆ ಭಾರವಾಗಿ ಕೂರುತ್ತೆ, ಹಾಲಿಲ್ಲ ಅನ್ನೋ ಕೊರತೆ ಕಾಣಲ್ಲ. ಪುಣೆಯ ಅಮೃತತುಲ್ಯ ಅಂಗಡಿಗಳ ಚಹಾ ಬಿಟ್ಟು ಬೇರೆ ಏನೂ ಮುಟ್ಟದ ನಮ್ಮ ಪಕ್ಕದ್ಮನೆ ಕಾಕೂನೇ ಓರ್ತಾ ಒಂದು ಕಪ್ ಕುಡಿದು ಇನ್ನೊಂದು ಕೇಳಿದ್ರು. ಬೆಳಗ್ಗೆ ಆಫೀಸ್ ಗಡಿಬಿಡಿಗೆ ಮಾತ್ರ ಇದು ಆಗಲ್ಲ, ಸ್ಟೌ ಮುಂದೆ ಕಣ್ಣು ಮುಚ್ಚದೆ ನಿಲ್ಬೇಕಾಗುತ್ತೆ, ಆಗ ನನಗೂ ಫಿಲ್ಟರ್ರೇ ಗತಿ.

ಮಾಡಿಸೋಕೆ ಹೋಗೋರು ಅಳತೆ ಬರ್ಕೊಂಡು ಹೋಗಿ. ಎರಡು ಕಪ್ಪಿಗೆ ತಳ ಸುಮಾರು 7 ಸೆಂಟಿಮೀಟರ್, ಕತ್ತು 5, ಎತ್ತರ 8, ಕತ್ತಿನವರೆಗೆ 150 ಎಂಎಲ್ ನೀರು ಹಿಡಿಯೋ ಹಾಗೆ, ತಾಮ್ರ ಒಂದೂವರೆ ಮಿಲಿಮೀಟರ್‌ಗೆ ಕಮ್ಮಿ ಬೇಡ, ಹಿಡಿ ಹಿತ್ತಾಳೆದು. ಬಗ್ಗಿಸೋ ಮೂತಿ ಬೇಕು ಅಂತ ಬಾಯಿಬಿಟ್ಟು ಹೇಳಿ, ಎಡಗೈಯವರಾಗಿದ್ರೆ ಯಾವ ಕಡೆ ಬೇಕು ಅನ್ನೋದನ್ನೂ ಹೇಳಿ, ಕಲಾಯಿ ಮುಗಿದ್ಮೇಲೆ ಅಲ್ಲೇ ನೀರು ಹಾಕಿ ಬಗ್ಗಿಸಿ ನೋಡಿ ತಗೊಳ್ಳಿ.