ಬನವಾಸಿ: ವಿಹಾರ ಹುಡುಕಿಕೊಂಡು ಹೋಗುವವರಿಗೆ

ಶಿರಸಿಯಿಂದ ಸುಮಾರು 24 ಕಿ.ಮೀ. ಬೌದ್ಧ ವಿಹಾರ ನೋಡಬೇಕೆಂದು ಬನವಾಸಿಗೆ ಬರುವವರಲ್ಲಿ ಹೆಚ್ಚಿನವರು ಮಧುಕೇಶ್ವರನಿಗೆ ಕೈಮುಗಿದು, ಸೋದೆ ಅರಸರ ಕಲ್ಲುಮಂಚ ನೋಡಿ, ವಿಹಾರ ಎಲ್ಲಿ ಎಂದು ಕೇಳುತ್ತಲೇ ಹಿಂದಿರುಗುತ್ತಾರೆ. ಅವರು ಹುಡುಕಿದ್ದರ ಗುರುತು ಅದೇ ಪ್ರಾಕಾರದೊಳಗಿದೆ: ಐದು ಹೆಡೆಯ ನಾಗಶಿಲೆ.

ಅಶೋಕನ ಕಾಲದಲ್ಲಿ ರಕ್ಖಿತ ಥೇರ ಎಂಬ ಹಿರಿಯ ಬೌದ್ಧ ಭಿಕ್ಷು ವನವಾಸಕ್ಕೆ, ಅಂದರೆ ಈ ಬನವಾಸಿ ಸೀಮೆಗೆ, ಬಂದು ಧರ್ಮ ಬೋಧಿಸಿದ, ಆಗ 500 ವಿಹಾರಗಳಾದವು ಎನ್ನುತ್ತದೆ ಸಿಂಹಳದ ಹಳೆಯ ಬೌದ್ಧ ಚರಿತ್ರೆ ಮಹಾವಂಸ. ಈ ಸಂಖ್ಯೆಯನ್ನು ಪುರಾಣದ ಲೆಕ್ಕವೆಂದೇ ಇಟ್ಟುಕೊಳ್ಳೋಣ. ನಾಗಶಿಲೆಯ ಮಾತು ಬೇರೆ, ಅದರ ಮೇಲಿನ ಶಾಸನ ದಾನಪತ್ರ. ಕದಂಬರಿಗೂ ಮೊದಲು ಇಲ್ಲಿ ಆಳಿದ ಚುಟುಕುಲದ ಅರಸ ಸಾತಕರ್ಣಿಯ ಆಳ್ವಿಕೆಯ 12ನೇ ವರ್ಷ, ಹೇಮಂತದ (ಆಗಿನ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ಋತು) 7ನೇ ಪಕ್ಷ, ಮೊದಲ ದಿನ. ಅರಸನ ಮಗಳು ಶಿವಸ್ಕಂದನಾಗಶ್ರೀ ಕೊಟ್ಟದ್ದು ಮೂರು: ನಾಗ, ಕೆರೆ, ವಿಹಾರ. ನಾಗನನ್ನು ಕಡೆದ ನಟಕ ಎಂಬ ಶಿಲ್ಪಿಯ ಹೆಸರೂ ಉಳಿದಿದೆ. ಬುದ್ಧನ ಹೆಸರು ಮಾತ್ರ ಶಾಸನದಲ್ಲಿಲ್ಲ. ‘ವಿಹಾರೋ’ ಎಂಬ ಪದದ ಮೇಲೆಯೇ ಎಲ್ಲ ನಿಂತಿದೆ. ಆ ಒಂದು ಪದಕ್ಕಾಗಿ ಅರ್ಧ ದಿನ ಕೊಡಬಹುದು, ಸಂಶಯವಿಲ್ಲ.

ಓದುವುದು ಸುಲಭವಲ್ಲ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ನೆತ್ತಿಯ ಬಿಸಿಲಿನಲ್ಲಿ ಗೀರುಗಳಿಗೆ ನೆರಳೇ ಬೀಳದೆ ಕಲ್ಲು ಬೋಳಾಗಿ ಕಾಣುತ್ತದೆ. ಬೆಳಿಗ್ಗೆ ಅಥವಾ ಇಳಿಹೊತ್ತಿನಲ್ಲಿ ಹೋಗಿ. ಮೊಬೈಲ್ ಟಾರ್ಚನ್ನು ಎದುರಿನಿಂದ ಬಿಡದೆ ಪಕ್ಕದಿಂದ, ಕಲ್ಲಿಗೆ ಹೆಚ್ಚುಕಡಿಮೆ ತಾಗುವಂತೆ ಹಿಡಿದರೆ ಅಕ್ಷರ ಎದ್ದು ಬರುತ್ತದೆ. ಮೊದಲು ‘ಗ’ ಹುಡುಕಿ. ಅದು ಪುಟ್ಟ ಕಮಾನಿನ ಹಾಗಿರುತ್ತದೆ. ಅದು ಸಿಕ್ಕರೆ ‘ನಾಗೋ’ ಸಿಗುತ್ತದೆ, ಅಲ್ಲಿಂದ ‘ತಡಾಗಂ’ (ಕೆರೆ), ‘ವಿಹಾರೋ’. ಶಾಸನದ ಪಾಠವನ್ನು ಮೊದಲೇ ಬರೆದುಕೊಂಡು ಹೋಗುವುದು ಒಳ್ಳೆಯದು.

ದಯವಿಟ್ಟು ಸೀಮೆಸುಣ್ಣ ತಿಕ್ಕಬೇಡಿ. ನಾಗರಕಲ್ಲೆಂಬ ಭಕ್ತಿಯಿಂದ ಹಾಲು, ಅರಿಶಿನ ಎರೆಯುವುದೂ ಬೇಡ. ಜಿಡ್ಡು ಗೀರಿನಲ್ಲಿ ಕೂತು ದೂಳು ಹಿಡಿಯುತ್ತದೆ, ಅದನ್ನು ಉಜ್ಜಿ ತೆಗೆಯುವಾಗ ಅಕ್ಷರವೂ ಸವೆಯುತ್ತದೆ. ಸಾವಿರದೇಳುನೂರು ವರ್ಷ ದಾಟಿದ ಬರಹ ಅದು.

ಮಳೆಗಾಲದಲ್ಲಿ ಹಾಸುಗಲ್ಲು ಜಾರುತ್ತದೆ, ಬರಿಗಾಲಿನಲ್ಲಿ ಜೋಪಾನ.

ಭಿಕ್ಷುಗಳಿರುವ ವಿಹಾರವನ್ನೇ ನೋಡಬೇಕಿದ್ದರೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಟಿಬೆಟ್ಟಿನ ಲ್ಹಾಸಾ ಬಳಿ 1409ರಲ್ಲಿ ಗಾಂದೆನ್, 1416ರಲ್ಲಿ ದ್ರೆಪುಂಗ್ ಎಂದು ಶುರುವಾದ ಮಠಗಳು ಈಗ ಮುಂಡಗೋಡಿನಲ್ಲಿ ಮತ್ತೆ ನೆಲೆ ಕಂಡಿವೆ. ಪ್ರದಕ್ಷಿಣೆ ನಮ್ಮಂತೆಯೇ ಬಲಕ್ಕೆ, ಪ್ರಾರ್ಥನಾ ಚಕ್ರ ತಿರುಗಿಸುವುದೂ ಬಲಕ್ಕೆ. ಜೊತೆಗೆ ವಿದೇಶಿ ಸ್ನೇಹಿತರಿದ್ದರೆ ಅವರಿಗೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು. ಅದು ಕೈಗೆ ಬರುವವರೆಗೆ ಟಿಕೆಟ್ ಮಾಡಿಸಬೇಡಿ.